ಕಡಿದ ನೀರಿನ ಫೋಟೋ ಎಲ್ಲಿ?

ಹೂಲಿಯ ಪಂಚಲಿಂಗೇಶ್ವರ ಗುಡಿ ಮುಂದ ಹುಡುಗರು ಮೊಬೈಲಿನಾಗ ಫೋಟೋ ಹೊಡೀತಿದ್ರು. ಕಂಬ, ಗೋಡೆ ಎಲ್ಲಾ ಬಂದವು. ಕೇರಿ ಕಡೆ ಯಾರೂ ಕ್ಯಾಮೆರಾ ತಿರುಗಿಸಲಿಲ್ಲ. ಕ್ಯಾಮೆರಾ ನಮ್ಮ ಕಡೆ ಯಾವಾಗ ತಿರುಗುತ್ತದೆ ಅಂದರೆ, ನನಗೆ ಸವಣೂರು ನೆನಪಾಗುತ್ತದೆ.

2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ಮಳಿಗೆ ಕಟ್ಟಲು ಅವರನ್ನು ಒಕ್ಕಲೆಬ್ಬಿಸಲು ಹೊರಟಿದ್ದರು, ನೀರು ಕಡಿದಿದ್ದರು. ಫೋಟೋದಲ್ಲಿ ಮಲ ಕಾಣುತ್ತದೆ. ಕಡಿದ ನೀರು ಕಾಣುವುದಿಲ್ಲ. ಅದನ್ನು ಹೇಳಬೇಕಾದದ್ದು ಅಡಿಬರಹ.

ಫೋಟೋ ತೆಗೆದವರನ್ನು ನಾನು ದೂರುವುದಿಲ್ಲ. ಊರು, ತಾರೀಖು, ಕಾರಣ ಕಿತ್ತುಹಾಕಿ ಅಂಥ ಚಿತ್ರವನ್ನು ವಾಟ್ಸಾಪಿನಲ್ಲಿ ದಾಟಿಸುವವರು ನಾವು, ಚಳವಳಿಯವರೂ ಸೇರಿ. ನಾನೂ ಹಾಗೇ ಒಮ್ಮೆ ಕಳಿಸಿದ್ದೆ. ಗೆಳೆಯ ಕೇಳಿದ: “ಇವ್ರ ಮನಿ ಉಳೀತೇನಪಾ?” ನಾನು ವಿಚಾರಿಸಿಯೇ ಇರಲಿಲ್ಲ.