ಪ್ರೀತಿಯಲ್ಲಿ ಸತ್ಯ: ಇ.ಪಿ. ರೈಸ್ ಅವರ ಸಾಹಿತ್ಯ ಚರಿತ್ರೆಯ ಮರುವಿಮರ್ಶೆ

ಕ್ರೈಸ್ತ ಮಿಷನರಿಗಳ ಕನ್ನಡ ಸೇವೆಯನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಎರಡು ನಿಲುವುಗಳಲ್ಲಿ ಹಂಚಿಹೋಗಿದೆ. ನಿಘಂಟು, ವ್ಯಾಕರಣ, ಮುದ್ರಣಗಳ ಪಟ್ಟಿ ಮಾಡಿ ಕೃತಜ್ಞತೆ ಸಲ್ಲಿಸುವುದು ಒಂದು; ಅವೆಲ್ಲವೂ ಮತಪ್ರಸಾರದ ಉಪಕರಣಗಳೆಂದು ಶಂಕಿಸುವುದು ಇನ್ನೊಂದು. ಪರಸ್ಪರ ವಿರುದ್ಧವೆಂದು ತೋರುವ ಈ ನಿಲುವುಗಳೆರಡೂ ಅವರ ಧರ್ಮಶ್ರದ್ಧೆಯನ್ನು ಕೃತಿಯಿಂದ ಹೊರಗಿರಿಸುತ್ತವೆ ಎಂಬುದು ಗಮನಾರ್ಹ. ಮೊದಲನೆಯದಕ್ಕೆ ಅದು ದುಡಿಮೆಯ ಪ್ರೇರಣೆ ಮಾತ್ರ. ಎರಡನೆಯದಕ್ಕೆ ಅದು ಮುಚ್ಚಿಟ್ಟ ಉದ್ದೇಶ. ಆ ಶ್ರದ್ಧೆ ಕೃತಿಯ ಒಳಗೆ, ಅನ್ಯರ ಗ್ರಂಥವನ್ನು ಓದುವ ಕ್ರಮದಲ್ಲಿ ಹೇಗೆ ವರ್ತಿಸಿತೆಂಬ ಪ್ರಶ್ನೆಗೆ ಸಾಕಷ್ಟು ಗಮನ ಸಂದಿಲ್ಲ. ಪೌಲನು ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯದ 15ನೆಯ ವಚನವು ಸತ್ಯವನ್ನೂ ಪ್ರೀತಿಯನ್ನೂ ಒಂದೇ ನಡೆಯೆಂದು ಭಾವಿಸುತ್ತದೆ. ಎಡ್ವರ್ಡ್ ಪಿ. ರೈಸ್ ಅವರ 'ಎ ಹಿಸ್ಟರಿ ಆಫ್ ಕನರೀಸ್ ಲಿಟರೇಚರ್' ಕೃತಿಯನ್ನು ಅವರದೇ ಧರ್ಮದ ಈ ಅಳತೆಗೋಲಿನಿಂದ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿರುವ ಮಂಚೇನಹಳ್ಳಿ ಮತ್ತು ಅದರ ಸುತ್ತಲಿನ ಪ್ರದೇಶ ಈ ಪರಿಶೀಲನೆಗೆ ಒಂದು ನೆಲೆಯನ್ನು ಒದಗಿಸುತ್ತದೆ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಈ ಸೀಮೆಯನ್ನು ರೈಸ್ ಮನೆತನ ಎರಡು ಬಗೆಯಲ್ಲಿ ಮುಟ್ಟಿದೆ. ಎಡ್ವರ್ಡ್ ಅವರ ಸಹೋದರ ಬಿ. ಲೂಯಿಸ್ ರೈಸ್ 1905ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟದಲ್ಲಿ ಗೌರಿಬಿದನೂರು ತಾಲ್ಲೂಕಿನ ಶಾಸನಗಳು ಸೇರಿವೆ. ಅವರ ತಂದೆ ಬೆಂಜಮಿನ್ ರೈಸ್ ಹಾಗೂ ಸ್ವತಃ ಎಡ್ವರ್ಡ್ ದುಡಿದ ಲಂಡನ್ ಮಿಷನರಿ ಸೊಸೈಟಿಯು ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿತು. ಅದು ಮುಂದೆ ಸಿ.ಎಸ್.ಐ. ಆಸ್ಪತ್ರೆಯೆಂದು ಹೆಸರಾಯಿತು. ಕಲ್ಲಿನ ಮೇಲಿನ ಅಕ್ಷರವನ್ನು ಇದ್ದಂತೆ ಓದುವುದು ಸತ್ಯದ ಕೆಲಸ. ಜಾತಿಮತ ಕೇಳದೆ ರೋಗಿಯನ್ನು ಉಪಚರಿಸುವುದು ಪ್ರೀತಿಯ ಕೆಲಸ. ಸಾಹಿತ್ಯ ಚರಿತ್ರಕಾರನು ಈ ಎರಡನ್ನೂ ಒಂದೇ ಲೇಖನಿಯಲ್ಲಿ ಮಾಡಬೇಕಾಗುತ್ತದೆ. ಅವನ ಕಷ್ಟವಿರುವುದೂ ಅಲ್ಲಿಯೇ.

ಮೊದಲಿಗೆ ಸತ್ಯದ ಮಾತು. 1915ರಲ್ಲಿ ಪ್ರಕಟವಾದ ರೈಸ್ ಅವರ ಕೃತಿ 1921ರಲ್ಲಿ ಪರಿಷ್ಕೃತಗೊಂಡು ವಿಸ್ತಾರವಾಯಿತು. ಇದರ ಆಧಾರಸಾಮಗ್ರಿ ಬಹುಪಾಲು ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ'ಯದು. ರೈಸ್ ಈ ಋಣವನ್ನು ಮರೆಮಾಚುವುದಿಲ್ಲ. 'ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂದಿತ್ತು. ಎರಡನೆಯದು 1919ರಲ್ಲಿ, ಅಂದರೆ ರೈಸ್ ಅವರ ಎರಡು ಆವೃತ್ತಿಗಳ ನಡುವೆ ಪ್ರಕಟವಾಯಿತು. ದೇಶೀಯ ವಿದ್ವಾಂಸನ ಸಂಶೋಧನೆಯನ್ನು ಪ್ರಮಾಣವೆಂದು ಸ್ವೀಕರಿಸಿ, ಹೊಸ ಸಾಮಗ್ರಿ ದೊರೆಯುವ ಕಾಲದಲ್ಲಿ ತನ್ನ ಬರಹವನ್ನು ತಿದ್ದಿಕೊಳ್ಳುವುದು ವಸಾಹತುಕಾಲದ ಬರಹಗಾರನಲ್ಲಿ ಸಣ್ಣ ಗುಣವಲ್ಲ.

ಪ್ರೀತಿಯ ಪ್ರಶ್ನೆ ಇದಕ್ಕಿಂತ ಜಟಿಲವಾದುದು. ಈ ಕೃತಿ ಸೇರಿದ 'ಹೆರಿಟೇಜ್ ಆಫ್ ಇಂಡಿಯಾ' ಮಾಲೆಯ ಸಂಪಾದಕರು ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ ಮತ್ತು ಜೆ.ಎನ್. ಫರ್ಕುಹರ್. ಸತ್ಯವಾದುದನ್ನೂ ಮಾನ್ಯವಾದುದನ್ನೂ ಮನಸ್ಸಿಗೆ ತಂದುಕೊಳ್ಳಬೇಕೆಂಬ ಫಿಲಿಪ್ಪಿಯವರಿಗೆ ಬರೆದ ಪತ್ರದ ಬೋಧೆಯನ್ನು ಅವರು ಮಾಲೆಯ ಮುಖವಚನವಾಗಿ ಇರಿಸಿದ್ದರು. ಭಾರತೀಯ ಪರಂಪರೆಯನ್ನು ಖಂಡನೆಗಾಗಿ ಅಲ್ಲದೆ ಗೌರವದಿಂದ ಓದಬೇಕೆಂಬ ಸಂಕಲ್ಪ ಅಲ್ಲಿದೆ. ಆದರೆ ಇದೇ ಫರ್ಕುಹರ್ 1913ರ 'ದಿ ಕ್ರೌನ್ ಆಫ್ ಹಿಂದೂಯಿಸಂ' ಗ್ರಂಥದಲ್ಲಿ ಹಿಂದೂ ಧರ್ಮದ ಆಶಯಗಳು ಕ್ರಿಸ್ತನಲ್ಲಿ ಪೂರ್ಣಗೊಳ್ಳುತ್ತವೆಂದು ವಾದಿಸಿದವರು. ಎದುರಿನವನನ್ನು ಗೌರವಿಸುತ್ತಲೇ ಅಪೂರ್ಣನೆಂದು ಮೊದಲೇ ನಿರ್ಧರಿಸಿದ ಪ್ರೀತಿ ಇದು. ಇಂಥ ಪ್ರೀತಿ ಕೇಳಿಸಿಕೊಳ್ಳುವುದಕ್ಕಿಂತ ಮುಂಚೆ ತೂಗುತ್ತದೆ.

ರೈಸ್ ಅವರ ಪ್ರಸಿದ್ಧ ತೀರ್ಮಾನದಲ್ಲಿ ಈ ತೂಕದ ಸ್ವರೂಪ ಸ್ಪಷ್ಟವಾಗುತ್ತದೆ. ಕನ್ನಡ ಲೇಖಕರು ಭಾಷಾನಿರ್ವಹಣೆಯಲ್ಲಿ ಅತ್ಯಂತ ಕುಶಲರಾದರೂ ಜಗತ್ತಿನ ಜ್ಞಾನಕ್ಕೂ ಸ್ಫೂರ್ತಿಗೂ ಅವರು ಕೊಟ್ಟದ್ದು ತೀರ ಅಲ್ಪವೆಂಬುದು ಅವರ ಅಭಿಪ್ರಾಯದ ಸಾರ. ಇದನ್ನು ಬರೀ ಪೂರ್ವಗ್ರಹವೆಂದು ತಳ್ಳಿಹಾಕುವುದು ಸುಲಭ. ಅದರ ಕಾರಣಗಳನ್ನು ಬಿಡಿಸಿ ನೋಡುವುದು ಹೆಚ್ಚು ಉಪಯುಕ್ತ.

ಮೊದಲ ಕಾರಣ ಸಾಮಗ್ರಿಯದು. ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ. ವಚನಗಳು ವಿಪುಲವಾಗಿ ಅಚ್ಚಾಗುವ ಮೊದಲೇ ರೈಸ್ ಕನ್ನಡದ ಸ್ವತಂತ್ರ ಚಿಂತನೆಯ ಬಗ್ಗೆ ತೀರ್ಪು ನೀಡಿದ್ದರು. ಪ್ರೀತಿಯ ಹೊಣೆ ಇಲ್ಲಿ ಸತ್ಯದ ಹೊಣೆಯೂ ಹೌದು: ಕೈಗೆ ಸಿಗದ ಓಲೆಗಳು ಇನ್ನೂ ಇವೆಯೆಂದು ಬಲ್ಲವನು ತೀರ್ಪನ್ನು ಮುಂದೂಡಬೇಕಿತ್ತು.

ಎರಡನೆಯ ಕಾರಣ ದೃಷ್ಟಿಯದು. ಸಂಸ್ಕೃತ ಮೂಲದ ಕಥೆಗಳನ್ನು ಮರಳಿ ಹೇಳಿದ್ದು ಅವರಿಗೆ ಸ್ವಂತಿಕೆಯ ಕೊರತೆಯಾಗಿ ಕಂಡಿತು. ಆದರೆ ಅವರ ಸ್ವಂತ ಧರ್ಮಗ್ರಂಥವೇ ಇದಕ್ಕೆ ಬೇರೆ ಉತ್ತರ ಕೊಡುತ್ತದೆ. ಮತ್ತಾಯ, ಮಾರ್ಕ, ಲೂಕ, ಯೋಹಾನರು ಒಬ್ಬನೇ ಯೇಸುವಿನ ಕಥೆಯನ್ನು ನಾಲ್ಕು ಬಾರಿ ಹೇಳುತ್ತಾರೆ. ಪ್ರತಿ ಬಾರಿಯೂ ಅದು ಬೇರೆ ಸಾಕ್ಷ್ಯವಾಗುತ್ತದೆ. ಪಂಪನ ಭಾರತಕ್ಕೂ ಕುಮಾರವ್ಯಾಸನ ಭಾರತಕ್ಕೂ ಇರುವ ಅಂತರ ಈ ಬಗೆಯದೇ. ಫರ್ಡಿನಂಡ್ ಕಿಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯಕ್ಕೆ ತಂದಾಗ, ಮರುಕಥನವೇ ಶ್ರದ್ಧೆಯ ಸೃಷ್ಟಿಶೀಲ ಮಾರ್ಗವೆಂಬುದನ್ನು ಬಾಸೆಲ್ ಮಿಷನ್ನಿನ ಈ ವಿದ್ವಾಂಸರು ಮಾಡಿ ತೋರಿಸಿದ್ದರು. ರೈಸ್ ಸೋತದ್ದು ಕ್ರೈಸ್ತರಾಗಿದ್ದುದರಿಂದಲ್ಲ. ಈ ಸಂದರ್ಭದಲ್ಲಿ ತಮ್ಮ ಕ್ರೈಸ್ತ ಓದನ್ನು ಸಾಕಷ್ಟು ಬಳಸಿಕೊಳ್ಳದುದರಿಂದ.

ಜೈನ, ಲಿಂಗಾಯತ, ವೈಷ್ಣವ ಎಂದು ಮತಾನುಸಾರ ಕಾಲವಿಭಾಗ ಮಾಡಿದ್ದೂ ಇದೇ ದೃಷ್ಟಿಯ ಫಲ. 1953ರ ತಮ್ಮ ಚರಿತ್ರೆಯಲ್ಲಿ ರಂ.ಶ್ರೀ. ಮುಗಳಿಯವರು ಪಂಪ, ಬಸವ, ಕುಮಾರವ್ಯಾಸರ ಹೆಸರಿನಲ್ಲಿ ಯುಗಗಳನ್ನು ಗುರುತಿಸಿ ಕವಿಗೆ ಅಗ್ರಸ್ಥಾನ ಕೊಟ್ಟರು. ಮತಗಳ ಪಟ್ಟಿಯ ಮಿತಿ ಮಂಚೇನಹಳ್ಳಿ ಸೀಮೆಯಲ್ಲಿ ಇನ್ನೂ ಸ್ಪಷ್ಟ. ಇದೇ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನವರು ತೆಲುಗು ಮತ್ತು ಕನ್ನಡ ಎರಡರಲ್ಲೂ ಹಾಡಿದವರು. ಎರಡು ಭಾಷೆಗಳ ಗಡಿಯಲ್ಲಿ ಭಕ್ತಿಯೂ ಯೋಗವೂ ಕೂಡಿದ ಇಂಥ ವಾಣಿಯನ್ನು ಒಂದು ಭಾಷೆಯ, ಒಂದು ಮತದ ಕೋಣೆಯಲ್ಲಿ ಕೂರಿಸುವುದು ಕಷ್ಟ.

ಹಾಗೆಂದು ರೈಸ್ ಅವರ ಕೃತಿಯ ಮಹತ್ವ ಕುಗ್ಗುವುದಿಲ್ಲ. ಕನ್ನಡದ ಸಾವಿರ ವರ್ಷಗಳ ಬರವಣಿಗೆಯನ್ನು ಇಂಗ್ಲಿಷ್ ಓದುಗರ ಮುಂದೆ ಒಂದು ಅಖಂಡ ಚರಿತ್ರೆಯಾಗಿ ಇರಿಸಿದ ಆರಂಭದ ಪ್ರಯತ್ನಗಳಲ್ಲಿ ಅದು ಪ್ರಮುಖವಾದುದು. 1982ರಲ್ಲಿ ದೆಹಲಿಯಿಂದ ಮರುಮುದ್ರಣಗೊಂಡದ್ದು ಅದರ ಬಾಳಿಕೆಗೆ ಸಾಕ್ಷಿ. ಅನ್ಯರ ಬಗ್ಗೆ ನಿಜ ಹೇಳುವುದರಲ್ಲಿ ರೈಸ್ ಬಹುದೂರ ಸಾಗಿದರು. ಅನ್ಯರಿಂದ ತಾವು ಕಲಿಯಬೇಕಾದುದಿದೆಯೆಂದು ಒಪ್ಪುವ ಹಂತದಲ್ಲಿ ತಡೆದು ನಿಂತರು. ಪ್ರೀತಿ ಪೂರ್ಣವಾಗುವುದು ಆ ಹಂತದಲ್ಲಿಯೇ. ಈ ಅಳತೆ ಅವರಿಗೆ ಮಾತ್ರ ಸಲ್ಲುವುದಿಲ್ಲ. ಮಿಷನರಿ ಸಾಹಿತ್ಯವನ್ನು ಕೃತಜ್ಞತೆಯಿಂದಲೋ ಶಂಕೆಯಿಂದಲೋ ಬದಿಗಿಡುವ ನಮ್ಮ ವಿಮರ್ಶೆಯೂ ಆ ಅನ್ಯರ ಶ್ರದ್ಧೆಯನ್ನು ಅದರ ಒಳಗಿನಿಂದ ಓದುವ ಋಣವನ್ನು ಇನ್ನೂ ತೀರಿಸಬೇಕಾಗಿದೆ.