ಅಹ್ಮದ್ ಬ್ಯಾರಿಯ ಎತ್ತಿನ ಗಾಡಿ

‘ಸಂಸ್ಕಾರ’ ಅಂದ ಕೂಡಲೇ ಎಲ್ಲರೂ ಪ್ರಾಣೇಶಾಚಾರ್ಯರ ಬಗ್ಗೆ ಮಾತಾಡ್ತಾರೆ. ಕಾಡು, ಚಂದ್ರಿ, ಆ ರಾತ್ರಿ, ಆಮೇಲಿನ ಒದ್ದಾಟ. ಕಾಲೇಜಿನಲ್ಲಿ ನಮಗೂ ಹಾಗೇ ಪಾಠ ಮಾಡಿದ್ದರು: ಧರ್ಮಸಂಕಟ, ಅಸ್ತಿತ್ವವಾದ, ಹತ್ತು ಅಂಕದ ಪ್ರಶ್ನೆ. ಈಚೆಗೆ ಮತ್ತೆ ಓದಿದಾಗ ನನ್ನ ಕಣ್ಣು ನಿಂತದ್ದು ಬೇರೆ ಕಡೆ, ಬ್ರಾಹ್ಮಣರ ಮಾತಿನ ನಡುವೆ ಹಾದುಹೋಗುವ ಒಂದು ಸಣ್ಣ ಭಯದ ಹತ್ತಿರ.

ಕಥೆ ಗೊತ್ತಿರೋದೇ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಜ್ವರ ಬಂದು ಸತ್ತಿದ್ದಾನೆ. ಹೆಣ ಬೇಯುವ ತನಕ ಯಾರೂ ಊಟ ಮಾಡುವಂತಿಲ್ಲ, ದೇವರ ಪೂಜೆಯೂ ಇಲ್ಲ. ಆದರೆ ಬೆಂಕಿ ಕೊಡೋದು ಯಾರು? ಆತ ಕುಡಿದ, ಮಾಂಸ ತಿಂದ, ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡ, ಸಾಲಿಗ್ರಾಮವನ್ನು ಹೊಳೆಗೆ ಎಸೆದ. ಇಷ್ಟಾದರೂ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಯಾಕೆ? ಹಾಕಿದರೆ ಮುಸಲ್ಮಾನನಾಗ್ತೇನೆ ಅಂತ ಹೆದರಿಸಿದ್ದ. ಹಾಗೇನಾದರೂ ಆದರೆ ಅವನನ್ನು ಅಗ್ರಹಾರದಿಂದ ಎಬ್ಬಿಸೋಕೆ ಯಾವ ಕಾನೂನೂ ಇಲ್ಲ, ಜಾಗ ಖಾಲಿ ಮಾಡಬೇಕಾದವರು ಉಳಿದವರೇ.

ಇಡೀ ಕಾದಂಬರಿ ತಿರುಗೋದು ಈ ಕೀಲಿನ ಮೇಲೆ. ಕೋರ್ಟು, ವಕೀಲರು ಯಾರೂ ರಂಗದ ಮೇಲೆ ಬರೋದಿಲ್ಲ. ಆದರೂ ಎಲ್ಲೋ ದೂರದಲ್ಲಿರುವ ಒಂದು ಕಾನೂನು ಅಗ್ರಹಾರದ ಕೈ ಕಟ್ಟಿಹಾಕಿದೆ. ಬಹಿಷ್ಕಾರ ತಪ್ಪು ಅಂತ ಅನಿಸಿ ಬ್ರಾಹ್ಮಣರು ಸುಮ್ಮನಾದದ್ದಲ್ಲ, ಲೆಕ್ಕ ಹಾಕಿ ಸುಮ್ಮನಾದರು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಟರ್ಮಿನೇಟ್ ಮಾಡಿಲ್ಲ, ಕ್ಯಾಂಟೀನಿನಲ್ಲಿ ಜೊತೆಗೆ ಕೂರೋದು ಬಿಟ್ಟಿದ್ದಾರೆ. ಹೀಗಾಗಿ ಸತ್ತಾಗ ನಾರಣಪ್ಪ ಒಳಗಿನವನೂ ಅಲ್ಲ, ಹೊರಗಿನವನೂ ಅಲ್ಲ. ಹೆಣ ಕೊಳೆಯಲು ಕಾರಣ ಇದು.

ಬಹಿಷ್ಕಾರದ ವಿಷಯದಲ್ಲಿ ನಿಜವಾದ ಕಾನೂನೂ ಹೀಗೇ ತಡವರಿಸಿದೆ. ಬಾಂಬೆ ಸರ್ಕಾರ 1949ರಲ್ಲಿ ಸಮುದಾಯದಿಂದ ಹೊರಹಾಕೋದನ್ನೇ ನಿಷೇಧಿಸಿತು. ಸುಪ್ರೀಂ ಕೋರ್ಟು 1962ರಲ್ಲಿ ದಾವೂದಿ ಬೋಹ್ರಾ ಧರ್ಮಗುರುಗಳ ಅರ್ಜಿಯ ಮೇಲೆ ಆ ಕಾಯ್ದೆಯನ್ನು ರದ್ದು ಮಾಡಿತು, ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ. ‘ಸಂಸ್ಕಾರ’ ಬಂದದ್ದು 1965ರಲ್ಲಿ. ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧ ಮತ್ತೆ ಕಾನೂನು ತಂದದ್ದು 2016ರಲ್ಲಿ. ಒಬ್ಬನ ಮುಖದ ಮೇಲೆ ಬಾಗಿಲು ಹಾಕೋದು ಧರ್ಮವೋ ಕ್ರೌರ್ಯವೋ ಅನ್ನೋದು ಅಷ್ಟು ಸುಲಭಕ್ಕೆ ಇತ್ಯರ್ಥವಾಗಿಲ್ಲ.

ಆಚಾರ್ಯರು ಒಳ್ಳೆಯವರು, ಅದರಲ್ಲಿ ಅನುಮಾನ ಬೇಡ. ಆದರೆ ತಾಳೆಗರಿ ಬಿಚ್ಚಿ ಕೂತಾಗ ಅವರು ಹುಡುಕೋದು ಏನು ಬರೆದಿದೆ ಅನ್ನೋದನ್ನ. ಗ್ರಂಥದಲ್ಲಿ ಸಿಗದಿದ್ದಾಗ ಮಾರುತಿಯ ಗುಡಿಗೆ ಹೋಗಿ ದೇವರ ಅಪ್ಪಣೆಗೆ ಕಾಯ್ತಾರೆ. ದೇವರೂ ಮಾತಾಡೋದಿಲ್ಲ. ಪಾಲಿಸಿ ಡಾಕ್ಯುಮೆಂಟಿನಲ್ಲಿ ಉತ್ತರ ಇಲ್ಲದಾಗ ಮೇಲಿನವರಿಗೆ ಮೇಲ್ ಹಾಕಿ ಕೂರುವ ಮ್ಯಾನೇಜರನ್ನು ನಾನು ನೋಡಿದ್ದೇನೆ, ನೀವೂ ನೋಡಿರ್ತೀರಿ. ಸಂಪ್ರದಾಯ ಎಷ್ಟು ಬಗ್ಗುತ್ತೆ ಅಂತ ತೋರಿಸೋದು ಮಾತ್ರ ಚಂದ್ರಿ. ಸಂಸ್ಕಾರದ ಖರ್ಚಿಗೆ ಅಂತ ಮೈಮೇಲಿನ ಬಂಗಾರ ಬಿಚ್ಚಿಟ್ಟಳು. ಅಷ್ಟು ಹೊತ್ತು ನಂಟು ತಪ್ಪಿಸಿಕೊಳ್ಳುತ್ತಿದ್ದ ಗರುಡ, ಲಕ್ಷ್ಮಣರಿಗೆ ಆಗ ನಂಟು ನೆನಪಾಗುತ್ತೆ. ಕನ್ನಡದಲ್ಲಿ ಇದಕ್ಕಿಂತ ನಿರ್ದಯವಾದ ಹಾಸ್ಯ ನಾನು ಹೆಚ್ಚು ಓದಿಲ್ಲ.

ಕೊನೆಗೆ ಹೆಣ ಸುಟ್ಟವರು ಯಾರು? ಚಂದ್ರಿ ಮೊದಲು ಕೇಳಿದ್ದು ಗಾಡಿಯ ಶೇಷಪ್ಪನನ್ನ. ಬ್ರಾಹ್ಮಣರ ಹೆಣ ಮುಟ್ಟೋದಾ ಅಂತ ಆತ ನಡುಗಿಬಿಟ್ಟ. ಅಗ್ರಹಾರದ ಕಟ್ಟಳೆ ಅಗ್ರಹಾರದವರಿಗಿಂತ ಹೆಚ್ಚಾಗಿ ಕೆಲಸ ಮಾಡೋದು ಇಂಥವರ ಮೇಲೆ. ಆಮೇಲೆ ಹೋದದ್ದು ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ಹತ್ತಿರ. ಹಿಂದೊಮ್ಮೆ ಎತ್ತು ಕೊಳ್ಳಲು ನಾರಣಪ್ಪ ಅವನಿಗೆ ದುಡ್ಡು ಕೊಟ್ಟಿದ್ದ. ರಾತ್ರೋರಾತ್ರಿ ಗಾಡಿಯಲ್ಲಿ ಕಟ್ಟಿಗೆ ಹೇರಿಕೊಂಡು ಬಂದ, ಹೆಣ ಸುಟ್ಟ, ಹೋದ. ಇಲ್ಲೊಂದನ್ನು ಗಮನಿಸಿ. ತನ್ನವರನ್ನು ಹೂಳುವ ಮನುಷ್ಯ ಇವನನ್ನು ಸುಟ್ಟ. ಅಗ್ರಹಾರವೇ ಕೈಬಿಟ್ಟ ಪದ್ಧತಿಯನ್ನು ನಡೆಸಿಕೊಟ್ಟವನು ಆ ಪದ್ಧತಿಗೇ ಸೇರದವನು, ಅದೂ ಹಳೆಯ ಒಂದು ಉಪಕಾರದ ಋಣಕ್ಕೆ. ಶಾಸ್ತ್ರದ ಮಂತ್ರ ಇರಲಿಲ್ಲ, ನಿಜ. ಮಂತ್ರ ಬಲ್ಲವರು ಹಸಿದು ಮಲಗಿದ್ದರು.

ನನ್ನ ತಕರಾರು ಇರೋದು ಇದಾದ ಮೇಲಿನ ಕಾದಂಬರಿಯ ಬಗ್ಗೆ. ಚಂದ್ರಿ ಬಸ್ಸು ಹತ್ತಿ ಕುಂದಾಪುರಕ್ಕೆ ಹೊರಡ್ತಾಳೆ, ಬ್ಯಾರಿ ಕತ್ತಲಲ್ಲಿ ಕರಗ್ತಾನೆ, ನಾವು ಪುಟಗಟ್ಟಲೆ ಆಚಾರ್ಯರ ಮನಸ್ಸಿನೊಳಗೆ ತಿರುಗ್ತೀವಿ. ಆ ಬರವಣಿಗೆ ಸೊಗಸಾಗಿದೆ, ಮೇಳಿಗೆಯ ಜಾತ್ರೆಯಂತೂ ಮರೆಯೋಕಾಗಲ್ಲ. ಆದರೂ ಮೊದಲರ್ಧದಲ್ಲಿ ಇಡೀ ಊರನ್ನು ಕಟಕಟೆಯಲ್ಲಿ ನಿಲ್ಲಿಸಿದ ಲೇಖಕ ಎರಡನೆಯ ಅರ್ಧದಲ್ಲಿ ಕೇಸನ್ನು ಒಬ್ಬನ ಆತ್ಮಸಾಕ್ಷಿಗೆ ವರ್ಗಾಯಿಸಿಬಿಟ್ಟರು ಅನ್ಸುತ್ತೆ. ಮಾಡಿದವಳಿಗಿಂತ ಮಾಡಲಾಗದವನ ಸಂಕಟ ಸಾಹಿತ್ಯಕ್ಕೆ ಯಾಕೆ ಅಷ್ಟು ಇಷ್ಟವೋ!

ಈ ಸಲ ಓದುವಾಗ ಇದೆಲ್ಲ ಕಣ್ಣಿಗೆ ಬೀಳಲು ಒಂದು ಕಾರಣ ಇದೆ. 2021ರ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು ನಿಂತಿತ್ತು. ಎಷ್ಟೋ ಕಡೆ ಮನೆಯವರು ಬರಲಾಗಲಿಲ್ಲ, ಕೆಲವು ಕಡೆ ಬರಲಿಲ್ಲ. ಆಗ ಹೆಣಕ್ಕೆ ಹೆಗಲು ಕೊಟ್ಟ ಸ್ವಯಂಸೇವಕರಲ್ಲಿ ಮುಸ್ಲಿಂ ಹುಡುಗರೂ ಇದ್ದರು. ಅವರಲ್ಲಿ ಎಷ್ಟು ಜನಕ್ಕೆ ಇದೇ ಊರಿನಲ್ಲಿ ಬಾಡಿಗೆ ಮನೆ ಸುಲಭವಾಗಿ ಸಿಗುತ್ತೆ ಅಂತ ಯಾರಾದರೂ ಬ್ರೋಕರನ್ನು ಕೇಳಿ ನೋಡಿ.