ಗ್ರಂಥಸ್ವಾಮ್ಯವೂ ಸ್ವಂತ ಉಪಯೋಗವೂ

ಕಾಯಿದೆಯ ಮಾತನ್ನು ಸೂತ್ರದಂತೆ ಪದಪದವಾಗಿ ಬಿಡಿಸಿ ಓದಬೇಕು. 1957ರ ಭಾರತೀಯ ಗ್ರಂಥಸ್ವಾಮ್ಯದ ಕಾಯಿದೆಯಲ್ಲಿ 14ನೆಯ ಪ್ರಕರಣವು ಉತ್ಸರ್ಗ: ಪ್ರತಿಮಾಡುವ ಅಧಿಕಾರವು ಸ್ವಾಮ್ಯವುಳ್ಳವನದೇ ಎಂದು ಅದು ವಿಧಿಸುತ್ತದೆ. 52ನೆಯದು ಅದಕ್ಕೆ ಅಪವಾದ. ಸಂಶೋಧನೆಗಾಗಿಯೂ ಖಾಸಗಿ ವ್ಯಾಸಂಗಕ್ಕಾಗಿಯೂ ಕೃತಿಯನ್ನು ನ್ಯಾಯೋಚಿತವಾಗಿ ಬಳಸಿಕೊಳ್ಳಬಹುದೆಂದು ಮೊದಲು ಅಲ್ಲಿದ್ದಿತು. 1994ರ ತಿದ್ದುಪಡಿಯಲ್ಲಿ ‘ವ್ಯಾಸಂಗ’ ಹೋಗಿ ‘ಉಪಯೋಗ’ ಬಂದಿತು. 2012ರಲ್ಲಿ ‘ಖಾಸಗಿ’ ಎಂಬುದರ ಮಗ್ಗುಲಿಗೆ ‘ಸ್ವಂತ’ ಎಂಬುದೂ ಸೇರಿತು. ಇದು ಪುನರುಕ್ತಿಯಲ್ಲವೆ ಎಂದು ಕೇಳಬಹುದು. ವಿಧಿವಾಕ್ಯದಲ್ಲಿ ಯಾವ ಪದವೂ ವ್ಯರ್ಥವಲ್ಲವೆಂದು ಹಿಡಿಯುವುದು ಮೀಮಾಂಸಕರ ಪದ್ಧತಿ. ನ್ಯಾಯಾಧೀಶರ ಪದ್ಧತಿಯೂ ಅದೇ. ಮನೆಯ ನಾಲ್ವರು ಕೂಡಿ ಓದುವುದು ಖಾಸಗಿ, ಒಬ್ಬನೇ ಓದಿಕೊಳ್ಳುವುದು ಸ್ವಂತ ಎಂದು ಅರ್ಥಮಾಡಿದರೆ ಎರಡು ಪದಗಳಿಗೂ ಎಡೆಯುಂಟು.

ಗಂಟಿರುವುದು ‘ನ್ಯಾಯೋಚಿತ’ ಎಂಬಲ್ಲಿ. ಹತ್ತು ಪುಟವೆ, ಒಂದು ಅಧ್ಯಾಯವೆ, ಇಡೀ ಗ್ರಂಥವೆ? ಕಾಯಿದೆ ಬಾಯಿಬಿಡದು. ದೆಹಲಿ ವಿಶ್ವವಿದ್ಯಾನಿಲಯದ ಜೆರಾಕ್ಸ್ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು 2012ರಲ್ಲಿ ವ್ಯಾಜ್ಯ ಹೂಡಿದರು. 2016ರಲ್ಲಿ ಅಲ್ಲಿಯ ಉಚ್ಚ ನ್ಯಾಯಸ್ಥಾನವು ವಿದ್ಯಾರ್ಥಿಗಳಿಗೆ ಅನುಕೂಲವಾಗಿಯೇ ತೀರ್ಪಿತ್ತಿತು. ಮರುವರ್ಷ ಪ್ರಕಾಶಕರು ವ್ಯಾಜ್ಯದಿಂದ ಹಿಂದೆಗೆದರು. ಸಂತೋಷವೇ ಸರಿ. ಆದರೆ ಆ ತೀರ್ಪು ಮುಖ್ಯವಾಗಿ ನಿಂತದ್ದು ಅಧ್ಯಾಪನಕ್ಕೆ ಸಂಬಂಧಿಸಿದ ಬೇರೊಂದು ಉಪವಿಧಿಯ ಮೇಲೆ. ಮನೆಯಲ್ಲಿ ಕುಳಿತು ಓದುವವನಿಗೆ ಅದರಿಂದ ಅಳತೆಗೋಲು ದೊರೆಯಲಿಲ್ಲ.

ಇದರಿಂದ ನಿಜವಾಗಿ ತೊಡಕಾಗುವುದು ಅಂಗಡಿಯಲ್ಲಿ ಸಿಗದ ಪುಸ್ತಕಗಳ ವಿಷಯದಲ್ಲಿ. ಗ್ರಂಥಕರ್ತನು ತೀರಿಕೊಂಡ ಮೇಲೆ 60 ವರ್ಷ ಸ್ವಾಮ್ಯವುಳಿಯುತ್ತದೆ. 1980ರಲ್ಲಿ ತೀರಿಕೊಂಡವನ ಕಾದಂಬರಿಗೆ 2040ರ ಕೊನೆಯವರೆಗೂ ಕಾವಲು. ಅಷ್ಟರಲ್ಲಿ ಮರುಮುದ್ರಣವಿಲ್ಲದೆ, ಉಳಿದ ಪ್ರತಿಗಳು ಗೆದ್ದಲಿನ ಪಾಲಾಗಬಹುದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಗೆ ಇಂತಹ ಅಡ್ಡಿಯಿರಲಿಲ್ಲ. ಅಂದಿನ ಕವಿಯನ್ನು ಅರಸನು ಸಾಕುತ್ತಿದ್ದನು, ಇಂದಿನ ಲೇಖಕನನ್ನು ಸಾಕಬೇಕಾದುದು ಪುಸ್ತಕದ ಮಾರಾಟ ಎಂಬುದೂ ನಿಜ. ಮಾರಾಟವೇ ಇಲ್ಲದ ಪುಸ್ತಕವನ್ನು ಒಬ್ಬನು ತನಗಾಗಿ ಪ್ರತಿಮಾಡಿಕೊಂಡರೆ ಲೇಖಕನಿಗೆ ಯಾವ ಕಾಸು ತಪ್ಪಿತು?

ಈ ನ್ಯಾಯವನ್ನು ಕಾಯಿದೆ ಅರಿಯದೆ ಇಲ್ಲ. ಭಾರತದಲ್ಲಿ ಕ್ರಯಕ್ಕೆ ದೊರೆಯದ ಗ್ರಂಥವನ್ನು ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಪುಸ್ತಕಭಂಡಾರವು ತನ್ನ ಉಪಯೋಗಕ್ಕಾಗಿ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಬಹುದೆಂದು ಅದೇ 52ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. 2012ರಲ್ಲಿ ‘ಸ್ವಂತ’ ಎಂಬ ಪದವನ್ನು ಸೇರಿಸಿದವರು, ಅಂತಹ ಗ್ರಂಥದ ಒಂದೇ ಒಂದು ಪ್ರತಿಯನ್ನು ಮನೆಯ ಓದುಗನಿಗೂ ಅಷ್ಟೇ ಸ್ಪಷ್ಟವಾಗಿ ಬಿಟ್ಟುಕೊಟ್ಟಿದ್ದರೆ ಆ ಪದಕ್ಕೆ ತೂಕ ಬರುತ್ತಿತ್ತು.